ಸೆಕೆಂಡ್ ಹ್ಯಾಂಡ್ ಫೋನೂ ಹತ್ತರ ಮಗ್ಗಿಯೂ

ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳೋ ಪ್ಲಾನ್ ಇದ್ಯಾ? ದುಡ್ಡು ಕೊಡೋ ಮುಂಚೆ ಅದರಲ್ಲಿ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ. 15 ಅಂಕಿಯ ಐಎಂಇಐ ನಂಬರ್ ಬರುತ್ತೆ.

ಎಡದಿಂದ ಎಣಿಸಿ. ಬೆಸ ಸ್ಥಾನದ ಅಂಕಿಗಳು, ಅಂದ್ರೆ 1, 3, 5ನೇದು, ಹಾಗೇ ಇರ್ಲಿ. ಸಮ ಸ್ಥಾನದಲ್ಲಿರೋದನ್ನ ಡಬಲ್ ಮಾಡಿ. 7 ಇದ್ರೆ 14 ಆಗುತ್ತಲ್ಲ, ಆಗ 1 ಮತ್ತು 4 ಕೂಡಿಸಿ 5 ಅಂತ ಇಟ್ಕೊಳ್ಳಿ. ಈಗ ಎಲ್ಲಾ ಕೂಡಿಸಿ. ಮೊತ್ತ 10ರ ಅಪವರ್ತ್ಯ ಆಗಿರ್ಲೇಬೇಕು: 50, 60, 70, ಹೀಗೆ. 63 ಬಂತಾ? ಇನ್ನೊಂದ್ಸಲ ಕೂಡಿಸಿ ನೋಡಿ. ಆಗ್ಲೂ 63 ಅಂದ್ರೆ ಆ ನಂಬರೇ ಸುಳ್ಳು.

ಐಬಿಎಂನ ಹಾನ್ಸ್ ಪೀಟರ್ ಲೂನ್ ಅವರಿಗೆ 1960ರಲ್ಲಿ ಈ ಉಪಾಯಕ್ಕೆ ಪೇಟೆಂಟ್ ಸಿಕ್ತು. ಕಾರ್ಡ್ ನಂಬರಿಗೂ ಇದೇ ಲೆಕ್ಕ, ಅಲ್ಲಿ ಮಾತ್ರ ಬಲದಿಂದ ಎಣಿಸ್ಬೇಕು.

14ನ್ನ 5 ಮಾಡೋದ್ಯಾಕೆ ಅಂತೀರಾ? ಅದೇ ಇದರ ಜಾಣತನ. 2 ಮತ್ತು 5 ಎರಡೂ 10ರ ಅಪವರ್ತನಗಳು. ಬರೀ ಡಬಲ್ ಮಾಡಿದ್ರೆ 5 ಹೋಗಿ 10 ಆಗುತ್ತೆ, 0 ಹಾಗೇ 0. ಎರಡೂ 10ರ ಮಗ್ಗಿಯವೇ! 5ರ ಜಾಗಕ್ಕೆ 0 ಹಾಕಿದ್ರೂ ಗೊತ್ತೇ ಆಗಲ್ಲ. ಅಂಕಿಗಳನ್ನ ಕೂಡಿಸಿದ್ರೆ 5 ಹೋಗಿ 1 ಆಗುತ್ತೆ, ತಪ್ಪು ಸಿಕ್ಕಿಬೀಳುತ್ತೆ.

ಆದ್ರೆ ಲೆಕ್ಕ ಸರಿ ಬಂತು ಅಂತ ಕುಣೀಬೇಡಿ. ಕದ್ದ ಫೋನಿನ ನಂಬರೂ ಸರಿಯಾಗೇ ಕೂಡುತ್ತೆ. ಇಂಗ್ಲಿಷಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಸ್ಪೇಸ್ ಕೊಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಬ್ಲ್ಯಾಕ್‌ಲಿಸ್ಟ್ ಆಗಿದೆ ಅಂತ ಉತ್ತರ ಬಂದ್ರೆ, ಫೋನ್ ವಾಪಸ್ ಕೊಟ್ಟು ಎದ್ದು ಬನ್ನಿ.