ಮಳೆಗಾಲ, ಮಕ್ಕಳು, ಪ್ರವಾಸ

ಬೇಸಿಗೆಯ ರಜೆ, ಕೈತುಂಬ ಹಣ, ಕೈಬಿಟ್ಟರೆ ತಾವೇ ನಡೆಯಬಲ್ಲ ಮಕ್ಕಳು, ಈ ಮೂರೂ ಕೂಡಿಬಂದಾಗ ಮಾತ್ರ ಪ್ರವಾಸ ಹೊರಡಬೇಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದುದರಿಂದ ಎರಡು-ಮೂರು ವರ್ಷದ ಕೂಸುಗಳಿರುವ ಮನೆಯವರು ‘ಇವು ಇಷ್ಟು ದೊಡ್ಡವಾಗಲಿ’ ಎಂದು ಕಾಲ ತಳ್ಳುತ್ತಾರೆ. ಕೂಸು ದೊಡ್ಡದಾಗುವ ಹೊತ್ತಿಗೆ ಶಾಲೆ ಬರುತ್ತದೆ. ಶಾಲೆಯ ಬೆನ್ನಿಗೆ ಪರೀಕ್ಷೆ ಬರುತ್ತದೆ. ಜೊತೆಗೆ ಬರಬೇಕಾಗಿದ್ದ ಅಜ್ಜಿಯ ಮೊಣಕಾಲು ಅಷ್ಟರಲ್ಲಿ ಸೋತಿರುತ್ತದೆ. ಈ ಕಾಯುವಿಕೆಯ ಭಾರ ಹೆಚ್ಚಾಗಿ ಬೀಳುವುದು ತಾಯಿಯ ಮೇಲೆ. ತವರುಮನೆ, ಲಗ್ನದ ಮನೆ, ಆಸ್ಪತ್ರೆ: ಚಿಕ್ಕ ಮಕ್ಕಳ ತಾಯಂದಿರಲ್ಲಿ ಎಷ್ಟೋ ಜನರಿಗೆ ಹೊಸ್ತಿಲಾಚೆಯ ಲೋಕವೆಂದರೆ ಇಷ್ಟೆ. ಮಳೆಗಾಲದಲ್ಲಿಯೇ, ಮಿತವಾದ ಖರ್ಚಿನಲ್ಲಿ, ಕೂಸುಗಳನ್ನು ಕಟ್ಟಿಕೊಂಡು ಮೂರು ದಿನ ತಿರುಗಿ ಬರುವುದು ಸಾಧ್ಯವೆ ಎಂಬುದನ್ನು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಮುಂದಿಟ್ಟುಕೊಂಡು ವಿಚಾರಿಸಬಹುದು.

ಮೊದಲ ಆಕ್ಷೇಪ ಮಳೆಯದು. ನಾರ್ವೆ ದೇಶದ ಬರ್ಗೆನ್ ಪಟ್ಟಣದಲ್ಲಿ ವರ್ಷದ 200ಕ್ಕೂ ಹೆಚ್ಚು ದಿನ ಮಳೆ ಬೀಳುತ್ತದೆ. ಮಳೆ ನಿಲ್ಲಲೆಂದು ಕಾದರೆ ಅಲ್ಲಿನ ಮಕ್ಕಳು ಅಂಗಳವನ್ನೇ ಕಾಣಲಾರವು. ಕೆಟ್ಟ ಹವೆಯೆಂಬುದಿಲ್ಲ, ಹವೆಗೆ ಒಗ್ಗದ ಉಡುಪು ಮಾತ್ರ ಉಂಟು ಎಂಬ ಅರ್ಥದ ನಾಣ್ಣುಡಿ ಆ ಉತ್ತರದ ನಾಡುಗಳಲ್ಲಿ ಬಳಕೆಯಲ್ಲಿದೆ. ಕಂಬಳಿಯ ಕೊಪ್ಪೆ ಹಾಕಿಕೊಂಡು ಹೊಲಕ್ಕೆ ಹೋಗುವ ನಮ್ಮ ರೈತನಿಗೂ, ಕೂಸಿನ ತಲೆಗೆ ಕುಂಚಿಗೆ ಕಟ್ಟುವ ಅಜ್ಜಿಗೂ ಇದು ಹೊಸ ಮಾತಲ್ಲ. ಹಾವೇರಿ ಸೀಮೆಯ ಮಳೆಯಂತೂ ಬರ್ಗೆನ್ನಿನ ಅರ್ಧದಷ್ಟೂ ಇಲ್ಲ. ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು, ರಾಣೆಬೆನ್ನೂರಿನ ಕಡೆ ಬಯಲುಸೀಮೆ. ಮೂಡಲಕ್ಕೆ ಸರಿದಂತೆ ಮಳೆಯೂ ತೆಳುವಾಗುತ್ತದೆ. ಪುನರ್ವಸು, ಪುಷ್ಯ ಮಳೆಗಳು ಜಿಟಿಜಿಟಿಯೆಂದು ಹನಿಯುತ್ತವೆ, ನಡುನಡುವೆ ಹೊಳವಾಗುತ್ತದೆ. ಎರಡು ಜೊತೆ ಒಣ ಅಂಗಿ ಹೆಚ್ಚಿಗೆ ಇದ್ದರೆ ಕೂಸಿಗೂ ಮಳೆಗೂ ರಾಜಿಯಾಗುತ್ತದೆ.

ಎರಡನೆಯ ಆಕ್ಷೇಪ ಹಣದ್ದು. ಮೂರೂ ಊರುಗಳು ಹುಬ್ಬಳ್ಳಿ-ಹರಿಹರ ರೈಲುಮಾರ್ಗದ ನಿಲ್ದಾಣಗಳು. ಐದು ತುಂಬದ ಮಗುವಿಗೆ ಬೇರೆ ಆಸನ ಕೇಳದಿದ್ದರೆ ರೈಲಿನಲ್ಲಿ ಟಿಕೇಟು ಬೇಡ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೇಟಿನ ಹಣವಿಲ್ಲ. ಗುರುತಿನ ಚೀಟಿ ಜೊತೆಗಿದ್ದರೆ ಸಾಕು. ಮನೆಯವರೆಲ್ಲ ಬಸ್ಸು ಹತ್ತಿದಾಗ ಜೇಬಿಗೆ ಕೈ ಹಾಕಬೇಕಾದವನು ತಂದೆಯೊಬ್ಬನೆ! ಇನ್ನುಳಿದದ್ದು ವಸತಿ. ದಿನಕ್ಕೊಂದು ಊರಿನಲ್ಲಿ ಇಳಿಯದೆ ಹಾವೇರಿಯಲ್ಲಿಯೇ ಗಾಳಿಯಾಡುವ ಒಂದು ಕೋಣೆ ಹಿಡಿದರೆ ಗಂಟು ಕಟ್ಟಿ ಬಿಚ್ಚುವ ಶ್ರಮ ತಪ್ಪುತ್ತದೆ, ಒದ್ದೆ ಬಟ್ಟೆಗೊಂದು ಹಗ್ಗವೂ ಸಿಗುತ್ತದೆ. ಖಾನಾವಳಿಯಲ್ಲಿ ಒಗ್ಗರಣೆಗೆ ಮೊದಲು ಒಂದು ಬಟ್ಟಲು ಸಪ್ಪೆ ಬೇಳೆ ತೆಗೆದಿಡಲು ಹೇಳಿದರೆ ಕೂಸಿನ ಊಟ ಮುಗಿದಂತೆಯೇ.

ದಿನಕ್ಕೊಂದೇ ನೋಟ ಎಂಬುದು ಇಂಥ ಪ್ರವಾಸದ ನಿಯಮವಾಗಬೇಕು. ಹಾವೇರಿಯಲ್ಲಿ ಅದು ಸಿದ್ಧೇಶ್ವರ ದೇವಾಲಯ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿ ಸಾಮಾನ್ಯ ರೂಢಿಯನ್ನು ಬಿಟ್ಟು ಪಶ್ಚಿಮಕ್ಕೆ ಮುಖ ಮಾಡಿದೆ. ಪಡುವಣ ಗಾಳಿ ಬೀಸಿದರೆ ಮಂಟಪದ ಅಂಚಿಗೆ ಇರಚಲು ಹೊಡೆದೀತು. ಒಳಗಿನ ಕಂಬಗಳ ಬಳಿ ಕುಳಿತರಾಯಿತು. ದೊಡ್ಡವರು ಬಳಪದ ಕಲ್ಲಿನ ಕೆತ್ತನೆಯನ್ನು ನೋಡುತ್ತಾರೆ. ಕೂಸು ಕಂಬದ ಮರೆಯಲ್ಲಿ ಅಡಗುತ್ತದೆ, ಇಣುಕುತ್ತದೆ, ನಗುತ್ತದೆ. ಒಂದು ಮುಂಜಾವಿಗೆ ಅಷ್ಟು ಸಾಕು. ಸಂಜೆ ಊರಿನ ಹೆಸರುವಾಸಿಯಾದ ಏಲಕ್ಕಿ ಹಾರಗಳನ್ನು ಮಾಡುವುದನ್ನು ನೋಡಬಹುದು. ಆ ಕಂಪು ಕೂಸಿಗೂ ತಿಳಿಯುತ್ತದೆ.

ಬ್ಯಾಡಗಿಯೆಂದೊಡನೆ ಮೆಣಸಿನಕಾಯಿಯ ಪೇಟೆ ನೆನಪಿಗೆ ಬರುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಕಾಯಿಯ ಗುಣವೆಂದರೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೆ ಘಾಟು ಘಾಟೇ. ಕೆಮ್ಮಿ ಕಂಗಾಲಾಗುವ ಕೂಸನ್ನು ಪೇಟೆಯೊಳಗೆ ಒಯ್ಯುವುದು ಸಲ್ಲದು. ಮಾಲು ಒಟ್ಟುವ ಸುಗ್ಗಿಯೂ ಮಳೆಗಾಲದ್ದಲ್ಲ. ಬ್ಯಾಡಗಿಯಿಂದ ನೇರವಾಗಿ ಅದೇ ತಾಲ್ಲೂಕಿನ ಕಾಗಿನೆಲೆಗೆ ಹೋಗುವುದು ಲೇಸು. ಅಲ್ಲಿ ಆದಿಕೇಶವನ ಗುಡಿಯುಂಟು, ಕನಕದಾಸರ ಗದ್ದುಗೆಯುಂಟು. ಭಕ್ತಿಯ ತತ್ವ ಕೂಸಿಗೆ ತಿಳಿಯದು. ಆದರೆ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ ರಾಮನ ಸಭೆಯಲ್ಲಿ ನ್ಯಾಯ ಹೇಳಿಸಿದ ‘ರಾಮಧಾನ್ಯ ಚರಿತೆ’ಯ ಕವಿ ಅವರು. ಗುಡಿಯ ಜಗಲಿಯ ಮೇಲೆ ಮಳೆ ನಿಲ್ಲುವತನಕ ಅಜ್ಜಿ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಯಾವುದು?

ರಾಣೆಬೆನ್ನೂರಿನ ಕೃಷ್ಣಮೃಗ ವನ್ಯಧಾಮ 1974ರಲ್ಲಿ ಘೋಷಿತವಾದದ್ದು. ಅದರ ವಿಸ್ತಾರ 119 ಚದರ ಕಿಲೋಮೀಟರು. ಮಳೆ ಬಿದ್ದ ಮೇಲೆ ಹುಲ್ಲು ಚಿಗುರುತ್ತದೆ, ನೆಲ ಕೆಸರಾಗುತ್ತದೆ. ಮೃಗ ಕಂಡೇ ಕಾಣುತ್ತದೆಂದು ಕೂಸಿಗೆ ಮಾತು ಕೊಡಬಾರದು. ದೂರದಲ್ಲಿ ಒಂದು ಗಂಡು ಜಿಗಿದದ್ದು ಕಂಡರೆ ಭಾಗ್ಯ. ಕಾಣದಿದ್ದರೆ ಕೆಸರಿನ ಹೊಂಡವೂ ಕೂಸಿಗೆ ಒಂದು ಭಾಗ್ಯವೇ. ಅದೇ ತಾಲ್ಲೂಕಿನ ಚೌಡದಾನಪುರದಲ್ಲಿ ಮುಕ್ತೇಶ್ವರನ ಸುಂದರ ಗುಡಿ ತುಂಗಭದ್ರೆಯ ದಡದಲ್ಲಿದೆ. ಅಲ್ಲಿಗೆ ಹೋದವರು ಒಂದು ಎಚ್ಚರ ತಪ್ಪಬಾರದು. ಹೊಳೆ ಈ ದಿನಗಳಲ್ಲಿ ತುಂಬಿ ಹರಿಯುತ್ತಿರುತ್ತದೆ. ಕೂಸಿನ ಕೈ ದೊಡ್ಡವರ ಕೈಯಲ್ಲಿಯೇ ಇರಬೇಕು, ನೀರಿನ ಅಂಚಿಗೆ ಇಳಿಯಲೇಬಾರದು.

ಕೇಳುಗರು ಒಂದು ಪ್ರಶ್ನೆಯನ್ನು ಕೇಳಬಹುದು: ಎರಡು-ಮೂರು ವರ್ಷದ ಕೂಸಿಗೆ ಇದಾವುದೂ ಮುಂದೆ ನೆನಪಿರುವುದಿಲ್ಲವಲ್ಲ, ಇಷ್ಟೆಲ್ಲ ಪಾಡು ಯಾರಿಗಾಗಿ? ತಾಯಿ ಉಣಿಸಿದ ತುತ್ತೂ ಕೂಸಿಗೆ ನೆನಪಿರುವುದಿಲ್ಲ. ಅಷ್ಟರಿಂದ ತುತ್ತು ವ್ಯರ್ಥವಾಗುವುದಿಲ್ಲ. ಹೊಸ ಊರು, ಹೊಸ ಮುಖ, ಹೊಸ ವಾಸನೆಗಳಿಗೆ ಹೆದರದಿರುವ ಗುಣವೊಂದು ಅದರೊಳಗೆ ಇಳಿದಿರುತ್ತದೆ. ಇನ್ನು ತಾಯಿಗೆ ಎಲ್ಲವೂ ನೆನಪಿರುತ್ತದೆ. ಒಲೆಯ ಮುಂದಿನಿಂದ ಎದ್ದು ಬಂದು, ಯಾರದೋ ಲಗ್ನಕ್ಕಲ್ಲ, ಯಾರದೋ ಕಾಯಿಲೆಗಲ್ಲ, ಬರಿದೆ ನೋಡಲೆಂದೇ ಕುಳಿತ ಆ ಒಂದು ಮುಂಜಾವು ಅವಳದೂ ಹೌದು. ಹಣ ಕಡಿಮೆಯಿದ್ದುದರಿಂದ ಆಸೆ ಮಿತವಾಯಿತು; ಮಳೆಯಿದ್ದುದರಿಂದ ನಡಿಗೆ ನಿಧಾನವಾಯಿತು; ಹಾಗಾಗಿ ಮನೆಯ ದೊಡ್ಡವರೆಲ್ಲ ಕೂಸಿನ ಹೆಜ್ಜೆಗೆ ಹೆಜ್ಜೆ ಹಾಕಿದರು. ಅದು ಸಣ್ಣ ಲಾಭವಲ್ಲ.