ಮೂರನೇ ವಾರದ ತನಕ

ನಮ್ಮ ಚಿಕ್ಕಮ್ಮ ಖಿನ್ನತೆಯ ಮಾತ್ರೆಗಳನ್ನು ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದರು. ಹತ್ತು ದಿನ ನುಂಗಿದರು. ಎರಡನೇ ಸ್ಟ್ರಿಪ್ ಒಡೆಯಲೇ ಇಲ್ಲ. 'ಹೊಟ್ಟೆ ತೊಳಸುತ್ತೆ, ನಿದ್ದೆಯೂ ಹೋಯ್ತು. ಮನಸ್ಸು ಮಾತ್ರ ಇದ್ದಲ್ಲೇ ಇದೆ ಕಣೋ' ಅಂದರು. ಸಭಿಕರೇ, ಅವರ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೀಗಾಗಬಹುದು ಎಂದು ಮೊದಲೇ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಎರಡು ನರಕೋಶಗಳ ನಡುವೆ ಒಂದು ಸಂದು ಇರುತ್ತದೆ, ಕೂದಲೆಳೆಯ ಸಾವಿರಾರು ಪಾಲುಗಳಲ್ಲಿ ಒಂದು ಪಾಲಿನಷ್ಟು. ಒಂದು ಕೋಶ ಅದರೊಳಕ್ಕೆ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತದೆ, ಎದುರಿನ ಕೋಶ ಅದರಿಂದ ಸುದ್ದಿ ತಿಳಿಯುತ್ತದೆ. ಮಿಕ್ಕಿದ್ದನ್ನು ಚೆಲ್ಲಿದ ಕೋಶವೇ ಬಾಚಿ ಒಳಗೆಳೆದುಕೊಳ್ಳುತ್ತದೆ. ಫ್ಲೂಆಕ್ಸೆಟಿನ್, ಎಸ್ಸಿಟಲೋಪ್ರಾಮ್ ಇಂಥ ಮಾತ್ರೆಗಳು ಹಾಗೆ ಬಾಚುವುದನ್ನು ತಡೆಯುತ್ತವೆ. ಕೆಲವೇ ಗಂಟೆಗಳ ಕೆಲಸ ಇದು.

ಹಾಗಾದರೆ ಮನಸ್ಸಿಗೆ ವಾರಗಳೇಕೆ? ಸಂದಿನಲ್ಲಿ ಸೆರೊಟೋನಿನ್ ಏರಿದ್ದು ಗೊತ್ತಾದ ಕೂಡಲೇ ಕೋಶ ತಾನೇ ಕೈ ಹಿಡಿದು ಚೆಲ್ಲತೊಡಗುತ್ತದೆ. ಆ ಕಾವಲು ಸಡಿಲವಾಗಲು ಎರಡು ಮೂರು ವಾರ ಬೇಕು. ನರಕೋಶಗಳ ನಡುವೆ ಹೊಸ ಕೊಂಡಿಗಳು ಚಿಗುರುವುದಕ್ಕೂ ಸಮಯ ಹಿಡಿಯುತ್ತದೆ ಎನ್ನುವವರಿದ್ದಾರೆ. ಮೈಯೊಳಗಿನ ಸೆರೊಟೋನಿನ್‌ನ ಬಹುಪಾಲು ಇರುವುದು ಕರುಳಿನಲ್ಲಿ; ಅದಕ್ಕೇ ಹೊಟ್ಟೆ ಮೊದಲು ದೂರು ಹೇಳುತ್ತದೆ.

'ಸೆರೊಟೋನಿನ್ ಕಮ್ಮಿಯಾಗಿದೆ' ಎಂಬ ವಿವರಣೆಗೆ ನಮ್ಮ ಸರ್ಪಗಂಧಿಯ ನಂಟಿದೆ. ಅದರ ಬೇರಿನಿಂದ ತೆಗೆದ ರಿಸರ್ಪಿನ್ 1950ರ ದಶಕದಲ್ಲಿ ರಕ್ತದೊತ್ತಡಕ್ಕೆ ಮದ್ದಾಗಿತ್ತು. ಸೇವಿಸಿದ ಕೆಲವರು ಖಿನ್ನರಾದರು. ಅದು ಸೆರೊಟೋನಿನ್ ಅನ್ನು ಬರಿದು ಮಾಡುತ್ತದೆಂದು 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿಯ ತಂಡ ಕಂಡುಕೊಂಡಿತು. ಅತ್ತ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆಂದು ಇಪ್ರೊನಿಯಾಜಿಡ್ ನುಂಗಿದವರು ಗೆಲುವಾಗಿ ಓಡಾಡತೊಡಗಿದ್ದರು. ಎರಡನ್ನೂ ಕೂಡಿಸಿ ವಿಜ್ಞಾನಿಗಳು ಸೆರೊಟೋನಿನ್ ಕೊರತೆಯೇ ಖಿನ್ನತೆಗೆ ಕಾರಣವೆಂಬ ಸಿದ್ಧಾಂತ ಕಟ್ಟಿದರು. ಅದು ಗಟ್ಟಿಯಲ್ಲವೆಂದು 2022ರಲ್ಲಿ ಹಳೆಯ ಅಧ್ಯಯನಗಳ ದೊಡ್ಡ ಮರುಪರಿಶೀಲನೆಯೊಂದು ಹೇಳಿತು. ಅಷ್ಟಕ್ಕೇ ಮಾತ್ರೆಯನ್ನು ಕಸಕ್ಕೆ ಹಾಕುವುದು ತಪ್ಪು ಎಂದೇ ನನ್ನ ನಂಬಿಕೆ. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಖಿನ್ನತೆಯ 21 ಔಷಧಗಳೂ ಹುಸಿ ಗುಳಿಗೆಗಿಂತ ಮೇಲೆನಿಸಿದವು, ಅಂತರ ಸಾಧಾರಣವಾದರೂ.

ಮಾತ್ರೆಯನ್ನು ತಾವಾಗಿ ಒಮ್ಮೆಲೇ ನಿಲ್ಲಿಸಬೇಡಿ. ತಲೆಸುತ್ತು, ಕಿರಿಕಿರಿ ಕಾಡಬಹುದು. ಹರೆಯದವರಲ್ಲಿ ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಿದರೆ, ಸಾಯುವ ಮಾತು ಬಂದರೆ, ಕಾಯದೆ ವೈದ್ಯರಿಗೆ ತಿಳಿಸಿ.

ಚಿಕ್ಕಮ್ಮ ಮರುವರ್ಷ ಮತ್ತೆ ಶುರುಮಾಡಿದರು. ಈ ಬಾರಿಯ ವೈದ್ಯರು ಕ್ಯಾಲೆಂಡರಿನಲ್ಲಿ ಮೂರನೇ ವಾರಕ್ಕೆ ಗುರುತು ಹಾಕಿಸಿದ್ದರು. ಅದು ದಾಟಿ ಕೆಲವು ದಿನಗಳಾದ ಮೇಲೆ, ಒಂದು ಬೆಳಿಗ್ಗೆ, 'ಒಗ್ಗರಣೆಗೆ ಕರಿಬೇವು ಹಾಕಿಲ್ಲವೇನೇ?' ಎಂದು ಹಜಾರದಿಂದಲೇ ಕೂಗಿ ಕೇಳಿದರು.