ಒಂದು ಅಂಕದ ಅಂತರ

(ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ನಮ್ಮ ವಾಚನಾಲಯದಲ್ಲಿ ಪತ್ರಿಕೆಯ ಕ್ರೀಡಾಪುಟವೇ ಎಲ್ಲಕ್ಕಿಂತ ಮೊದಲು ಹರಿಯುವುದೆಂಬುದನ್ನು ತಾವೆಲ್ಲ ಬಲ್ಲಿರಿ. ಮೋಟಾರು ಪಂದ್ಯದ ಸುದ್ದಿ ಬಂದ ದಿನವಂತೂ ಮೇಜಿನ ಸುತ್ತ ತರುಣರ ವಾದ ಜೋರಾಗುತ್ತದೆ. ಮೈಕೇಲ್ ಶೂಮಾಕರ್ ಏಳು ಸಲ ವಿಶ್ವವಿಜೇತನಾದ. 2020ರಲ್ಲಿ ಲೂಯಿಸ್ ಹ್ಯಾಮಿಲ್ಟನ್ ಅವನನ್ನು ಸರಿಗಟ್ಟಿದ. ಇಬ್ಬರಲ್ಲಿ ಯಾರು ಹೆಚ್ಚು? ಆ ಲೆಕ್ಕವನ್ನು ತರುಣರಿಗೇ ಬಿಟ್ಟು, ಒಂದು ಸಲವೂ ವಿಶ್ವವಿಜೇತನಾಗದ ಒಬ್ಬನ ಮಾತನ್ನು ನಾವು ಇಂದು ಹೇಳಬೇಕೆಂದಿದ್ದೇವೆ. ಅವನು ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್.

ಈ ಪಂದ್ಯಗಳ ಕಾರಿನಲ್ಲಿ ಒಬ್ಬನಿಗೇ ಸ್ಥಳ, ಚಕ್ರಗಳಿಗೆ ಮುಚ್ಚಳವಿಲ್ಲ. ದೇಶದೇಶಗಳಲ್ಲಿ ನಡೆಯುವ ಪಂದ್ಯಗಳ ಅಂಕಗಳನ್ನು ಕೂಡಿ ವರ್ಷಕ್ಕೊಬ್ಬ ಚಾಲಕನನ್ನು ವಿಶ್ವವಿಜೇತನೆಂದು ಸಾರುವ ಪದ್ಧತಿ 1950ರಲ್ಲಿ ಆರಂಭವಾಯಿತು. 1958ರಲ್ಲಿ ಮೊದಲ ಐವರಿಗೆ ಕ್ರಮವಾಗಿ 8, 6, 4, 3, 2 ಅಂಕಗಳು; ಅತಿ ವೇಗವಾಗಿ ಒಂದು ಸುತ್ತು ಹಾಕಿದವನಿಗೆ ಮೇಲೊಂದು ಅಂಕ. ಚಾಲಕನನ್ನು ಆಸನಕ್ಕೆ ಬಿಗಿಯುವ ಪಟ್ಟಿ ಆಗ ಇರಲಿಲ್ಲ. ಎಷ್ಟೋ ಪಂದ್ಯಗಳು ಊರ ಬೀದಿಗಳಲ್ಲೇ ನಡೆಯುತ್ತಿದ್ದವು.

ಆ ಕಾಲದ ದೊಡ್ಡ ಹೆಸರು ಹುವಾನ್ ಮ್ಯಾನುಯೆಲ್ ಫಾಂಜಿಯೊ. ಇಟಲಿಯಿಂದ ಅರ್ಜೆಂಟೀನಕ್ಕೆ ಹೊಟ್ಟೆಪಾಡಿಗಾಗಿ ಹೋದವರ ಮಗ. ಹುಡುಗನಾಗಿದ್ದಾಗಲೇ ಮೋಟಾರು ದುರಸ್ತಿಯ ಅಂಗಡಿಯಲ್ಲಿ ದುಡಿದು ಮೇಲೆ ಬಂದವನು. ಐದು ಸಲ ವಿಶ್ವವಿಜೇತನಾದ. 1956ರಲ್ಲಿ ಇಟಲಿಯ ಮೊಂಜಾದಲ್ಲಿ ಅವನ ಕಾರು ಕೆಟ್ಟುನಿಂತಾಗ, ಅವನ ತಂಡದವನೇ ಆದ 24 ವರ್ಷದ ಪೀಟರ್ ಕಾಲಿನ್ಸ್ ತನ್ನ ಕಾರಿನಿಂದಿಳಿದು ಅದನ್ನೇ ಅವನಿಗೆ ಕೊಟ್ಟ. ಆ ದಿನ ಕಾಲಿನ್ಸನಿಗೂ ವಿಶ್ವವಿಜೇತನಾಗುವ ಅವಕಾಶವಿತ್ತು. ಅಂದು ಕಾರು ಹಂಚಿಕೊಳ್ಳಲು ನಿಯಮದ ಅಡ್ಡಿಯಿರಲಿಲ್ಲ. ಆದರೆ ಕೊಡಲೇಬೇಕೆಂದು ಯಾವ ನಿಯಮವೂ ಹೇಳಿರಲಿಲ್ಲ.

1955, 56, 57, ಮೂರು ವರ್ಷವೂ ಫಾಂಜಿಯೊ ಮೊದಲನೆಯವನು, ಮಾಸ್ ಎರಡನೆಯವನು. 1958ರ ನಡುವೆ ಫಾಂಜಿಯೊ ನಿವೃತ್ತನಾದ. ಇನ್ನು ಮಾಸನ ಸರದಿಯೆಂದು ಎಲ್ಲರೂ ಎಣಿಸಿದರು. ಎದುರಿಗೆ ನಿಂತವನು ಅವನ ದೇಶದವನೇ ಆದ ಮೈಕ್ ಹಾಥಾರ್ನ್.

ಆಗಸ್ಟ್ 24ರಂದು ಪೋರ್ಚುಗಲ್ಲಿನ ಪೋರ್ಟೊ ಪಟ್ಟಣದಲ್ಲಿ ಪಂದ್ಯ. ಕಲ್ಲು ಹಾಸಿದ ಬೀದಿ, ನಡುವೆ ಟ್ರಾಮಿನ ಹಳಿ, ಬದಿಯಲ್ಲಿ ದೀಪದ ಕಂಬ. ಐವತ್ತು ಸುತ್ತು ಮುಗಿಸಿ ಮಾಸ್ ಐದು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದ. ಹಾಥಾರ್ನನ ಕಾರು ಕೊನೆಯ ಸುತ್ತಿನಲ್ಲಿ ಗಿರಕಿ ಹೊಡೆದು ನಿಂತುಬಿಟ್ಟಿತು. ಅವನು ಕೆಳಗಿಳಿದು, ಕಾರನ್ನು ತಳ್ಳಿ, ಯಂತ್ರ ಚಾಲೂ ಮಾಡಿಕೊಂಡು ಎರಡನೆಯವನಾಗಿ ಮುಗಿಸಿದ. ಅತಿ ವೇಗದ ಸುತ್ತೂ ಅವನದೇ. ಒಟ್ಟು ಏಳು ಅಂಕ.

ಆದರೆ ದೂರು ಬಂತು. ಹಾಥಾರ್ನ್ ಪಂದ್ಯದ ದಿಕ್ಕಿಗೆ ವಿರುದ್ಧವಾಗಿ ಕಾರು ನಡೆಸಿದನೆಂದು ಅಧಿಕಾರಿಗಳು ಅವನನ್ನು ಅನರ್ಹಗೊಳಿಸಲು ಹೊರಟರು. ನಡೆದುದನ್ನು ಕಣ್ಣಾರೆ ಕಂಡವನು ಮಾಸ್. ಅವನು ಅಧಿಕಾರಿಗಳ ಮುಂದೆ ನಿಂತು, ಹಾಥಾರ್ನ್ ಕಾರನ್ನು ತಿರುಗಿಸಿದ್ದು ಪಂದ್ಯದ ಹಾದಿಯ ಮೇಲಲ್ಲ, ಬದಿಯ ಫುಟ್‌ಪಾತಿನ ಮೇಲೆ, ಆದ್ದರಿಂದ ನಿಯಮ ಮುರಿದಿಲ್ಲವೆಂದು ಸಾಕ್ಷಿ ಹೇಳಿದ. ಅಂಕಗಳು ಹಾಥಾರ್ನನಿಗೇ ಉಳಿದವು.

ಅಕ್ಟೋಬರ್ 19ರಂದು ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಕೊನೆಯ ಪಂದ್ಯ. ಮಾಸ್ ಗೆದ್ದ, ಅತಿ ವೇಗದ ಸುತ್ತನ್ನೂ ಹಾಕಿದ. ಅವನಿಂದಾಗುವುದು ಅಷ್ಟೇ. ಹಾಥಾರ್ನ್ ಎರಡನೆಯವನಾಗಿ ಬಂದ. ವರ್ಷದ ಲೆಕ್ಕ ಕೂಡಿದಾಗ ಹಾಥಾರ್ನನಿಗೆ 42, ಮಾಸನಿಗೆ 41. ನಾಲ್ಕು ಪಂದ್ಯ ಗೆದ್ದವನು ಸೋತ. ಒಂದೇ ಪಂದ್ಯ ಗೆದ್ದವನು ವಿಶ್ವವಿಜೇತನಾದ. ಪೋರ್ಟೊದ ಅಂಕಗಳು ಹೋಗಿದ್ದರೆ ಪಟ್ಟ ಮಾಸನದೇ.

ಆ ಪಟ್ಟದ ಸುಖವೂ ಹೆಚ್ಚು ದಿನ ಬಾಳಲಿಲ್ಲ. ಕಾರು ಕೊಟ್ಟ ಕಾಲಿನ್ಸ್ ಪೋರ್ಟೊಗೆ ಮೂರು ವಾರ ಮೊದಲೇ ಜರ್ಮನಿಯ ಪಂದ್ಯದಲ್ಲಿ ತೀರಿಕೊಂಡಿದ್ದ. ಹಾಥಾರ್ನನ ಜೀವದ ಗೆಳೆಯ ಅವನು. ಕಾಸಾಬ್ಲಾಂಕಾದಲ್ಲಿ ಮಾಸನ ತಂಡದ ಸ್ಟೂವರ್ಟ್ ಲೂಯಿಸ್-ಎವಾನ್ಸ್ ಬೆಂಕಿಗೆ ಸಿಕ್ಕಿ ಆರು ದಿನದ ಮೇಲೆ ಸತ್ತ. ಹಾಥಾರ್ನ್ ಪಂದ್ಯಗಳನ್ನೇ ಬಿಟ್ಟ; ಆದರೂ 1959ರ ಜನವರಿ 22ರಂದು ಇಂಗ್ಲೆಂಡಿನ ಸಾಮಾನ್ಯ ರಸ್ತೆಯ ಅಪಘಾತದಲ್ಲಿ ಮಡಿದ. ವಯಸ್ಸು 29. ಮಾಸ್ 2020ರವರೆಗೆ, ತೊಂಬತ್ತು ವರ್ಷ ಬಾಳಿದ. ಹದಿನಾರು ಪಂದ್ಯ ಗೆದ್ದರೂ ವಿಶ್ವವಿಜೇತನಾಗಲಿಲ್ಲ.

ಬಂಧುಗಳೆ, ಪೋರ್ಟೊದಲ್ಲಿ ಮಾಸ್ ಸುಳ್ಳು ಹೇಳಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಈ ಮಾತು ನಮ್ಮನ್ನು ಚುಚ್ಚುತ್ತದೆ. ಹಿಂದೊಮ್ಮೆ ನಾವು ದುಡಿಯುತ್ತಿದ್ದ ಕಚೇರಿಯಲ್ಲಿ ಒಂದು ಕಡತ ಕಾಣೆಯಾಯಿತು. ತಪ್ಪು ಪಕ್ಕದ ಮೇಜಿನವನ ತಲೆಗೆ ಬಂತು. ಕಡತ ಅವನ ಕೈಬಿಟ್ಟು ಮೇಲಿನವರ ಕೋಣೆಗೆ ಹೋದುದನ್ನು ನಾವು ಕಂಡಿದ್ದೆವು. ಯಾರೂ ನಮ್ಮನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಆ ವರ್ಷ ಬಡ್ತಿಯ ಪಟ್ಟಿಯಲ್ಲಿದ್ದವರು ನಾವಿಬ್ಬರೇ. ಬಡ್ತಿ ನಮಗೆ ಬಂತು. ಸಂಬಳದಲ್ಲಿ ಹೆಚ್ಚಿದ ಹಣ ಖರ್ಚಾಗಿ ಎಷ್ಟೋ ಕಾಲವಾಯಿತು. ಅಂದು ಆಡದೆ ಉಳಿದ ಮಾತು ಇನ್ನೂ ಹಾಗೇ ಇದೆ.

ಊರು ಬಿಟ್ಟು ಬಂದ ನಮಗೆ ಒಂದು ಮೆಟ್ಟಿಲು ಏರುವುದು ಎಷ್ಟು ಕಷ್ಟವೆಂಬುದನ್ನು ಬಲ್ಲೆವು. ಅದನ್ನು ಬಿಟ್ಟುಕೊಡಿ ಎಂದು ಉಪದೇಶಿಸುವ ಯೋಗ್ಯತೆ ನಮಗಿಲ್ಲ. ಆದರೆ ಕಂಡದ್ದನ್ನು ಹೇಳುವ ಸರದಿ ತಮಗೆ ಬಂದ ದಿನ, ಪೋರ್ಟೊ ಪಟ್ಟಣದ ಆ ಫುಟ್‌ಪಾತು ನೆನಪಾಗಲಿ.